ಜವಳಗೇರಾದ ಹುಡುಗಿಗೆ ನಾನು ಕಲಿಸಿದ ಪಾರ್ಟು

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿರುವ ನನ್ನ ಮನೆಗೆ ತಿಂಗಳಿಗೆ ಒಬ್ಬಿಬ್ಬರಾದರೂ ಹುಡುಗಿಯರು ನಾಟಕ ಕಲಿಯಬೇಕೆಂದು ಬರುತ್ತಾರೆ. ಬಂದವರು ಚಪ್ಪಲಿ ಬಿಡುವ ಮೊದಲೇ ಫೋನು ತೆಗೆಯುತ್ತಾರೆ. ಅದರಲ್ಲಿ ಅರ್ಧ ನಿಮಿಷದ ವಿಡಿಯೊ. ಯಾರದೋ ದನಿಗೆ ಇವರು ತುಟಿ ಅಲ್ಲಾಡಿಸಿರುತ್ತಾರೆ.

“ಹ್ಯಾಂಗೈತ್ರಿ ಅಕ್ಕಾರ?”

“ದನಿ ನಿಂದಲ್ಲ, ಮಾತು ನಿಂದಲ್ಲ. ನಿಂದು ಏನೈತವ್ವ ಇದರಾಗ?” ಎಂದು ಕೇಳುತ್ತೇನೆ. ಮುಖ ಸಣ್ಣದು ಮಾಡಿಕೊಂಡು ಚಹಾ ಕುಡಿದು ಹೋಗುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದಿಕೊಂಡು ಬಂದರೆ ಇಬ್ಬರಿಗೂ ಅರ್ಧ ಕೆಲಸ ಉಳಿಯುತ್ತದೆ.

ನಾನು ಸಿಂಧನೂರು, ಲಿಂಗಸುಗೂರು, ಮಸ್ಕಿ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತೈದು ವರ್ಷ ಪಾರ್ಟು ಮಾಡಿದವಳು. ಇಲ್ಲಿ ಊರಿನ ಗಂಡಸರೇ ಸೇರಿಕೊಂಡು ನಾಟಕ ಆಡುತ್ತಾರೆ. ಹೆಣ್ಣಿನ ಪಾರ್ಟಿಗೆ ಮಾತ್ರ ನಮ್ಮಂಥವರನ್ನು ಪಟ್ಟಣದಿಂದ ಕರೆಸುತ್ತಾರೆ. ಪ್ರತಿ ನಾಟಕಕ್ಕೂ ಮೂವರು ಹೆಂಗಸರು: ಅಳುವವಳು, ಕುಣಿಯುವವಳು, ನಗಿಸುವವಳು. ನಾನು ಕುಣಿಯುವವಳಾಗಿ ಶುರುಮಾಡಿ, ಹತ್ತು ಹನ್ನೆರಡು ವರ್ಷ ಅತ್ತು, ಉಳಿದ ಕಾಲವನ್ನೆಲ್ಲ ತಾಯಿಯಾಗಿ ಅತ್ತೆಯಾಗಿ ಕಳೆದೆ. ಆದರೂ ಕರಪತ್ರದಲ್ಲಿ ಕಡೆಯವರೆಗೂ ‘ಕುಮಾರಿ ಗಂಗಾ, ಸಿಂಧನೂರು’ ಎಂದೇ ಅಚ್ಚಾಗುತ್ತಿತ್ತು. ನನ್ನ ಮಗಳ ಮದುವೆಯಾದ ವರ್ಷವೂ ನಾನು ಕುಮಾರಿಯೇ. ಅಳಿಯ ಗೋಡೆಯ ಮೇಲೆ ಅದನ್ನು ಓದಿ, ಮನೆಗೆ ಬಂದು ನನ್ನ ಮುಖ ನೋಡಲಾರದೆ ಕೂತಿದ್ದ. ಎಷ್ಟು ಸಲ ತಿದ್ದಿಸಿದರೂ ಮುದ್ರಣದವರ ಕೈಗೆ ಅದೇ ಬರುತ್ತಿತ್ತು.

ಇನ್ನು ಜೊತೆಯ ಗಂಡಸರ ಪಾಡು. ನಾಟಕದ ಹೀರೊ ಯಾರು ಎಂಬುದು ಪಾರ್ಟು ಬರುತ್ತದೋ ಇಲ್ಲವೋ ಎಂಬುದರ ಮೇಲೆ ನಿಲ್ಲುವುದಿಲ್ಲ. ಊರಲ್ಲಿ ಯಾರ ಮಾತು ನಡೆಯುತ್ತದೋ ಅವನೇ ಹೀರೊ. ಐವತ್ತು ದಾಟಿದ, ಹೊಟ್ಟೆ ಬಂದವನು ಕಾಲೇಜು ಹುಡುಗನಾಗಿ ಕೈಯಲ್ಲಿ ಪುಸ್ತಕ ಹಿಡಿದು ಬರುತ್ತಾನೆ. ಒಂದು ಮಾತೂ ಬಾಯಿಪಾಠ ಇರುವುದಿಲ್ಲ. ಪರದೆಯ ಹಿಂದೆ ಕೂತು ಮಾತು ಹೇಳಿಕೊಡುವವನ ದನಿ ಮೈಕಿನಲ್ಲಿ ಮೊದಲು ಕೇಳುತ್ತದೆ, ಆಮೇಲೆ ಹೀರೊನ ದನಿ. ಜನ ಒಂದೇ ನಾಟಕವನ್ನು ಎರಡು ಸಲ ಕೇಳುತ್ತಾರೆ.

ನನ್ನ ಎರಡನೆಯ ವರ್ಷದಲ್ಲಿ ಹೀಗೆ ಮಾತು ಕೊಡುವವನು ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟ. ನಾನು ಅವನ ದನಿಯನ್ನೇ ನಂಬಿ, ಗಂಡ ಸತ್ತನೆಂದು ಬಳೆ ಒಡೆದುಕೊಂಡು ಅಳತೊಡಗಿದೆ. ಸತ್ತವನು ನನ್ನ ಎದುರೇ ನಿಂತು ಮೀಸೆ ತಿರುವುತ್ತಿದ್ದ. ಅವನಿಗೂ ಏನು ಮಾಡಬೇಕೆಂದು ತಿಳಿಯದೆ, ಸ್ವಲ್ಪ ಹೊತ್ತು ನನ್ನನ್ನು ನೋಡಿ, ಮೆಲ್ಲಗೆ ಕೆಳಗೆ ಕೂತು ಮಲಗಿಬಿಟ್ಟ. ಜನ ಸಿಳ್ಳೆ ಹೊಡೆದರು. ಅಂದಿನಿಂದ ಎಲ್ಲರ ಮಾತನ್ನೂ ನಾನೇ ಬಾಯಿಪಾಠ ಮಾಡತೊಡಗಿದೆ. ನಿಮ್ಮ ಪಾರ್ಟು ಮಾತ್ರ ಕಲಿತು ಬರಬೇಡಿ, ಎದುರಿಗಿರುವವನದನ್ನೂ ಕಲಿತು ಬನ್ನಿ. ಅವನು ಕಲಿತಿರುವುದಿಲ್ಲ.

ನನಗೆ ಕಲಿಸಿದವರು ಮಸ್ಕಿಯ ಮಾನಪ್ಪ ಮಾಸ್ತರು. ಹಾರ್ಮೋನಿಯಂ ಪೆಟ್ಟಿಗೆಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಪೇಟಿ ಬಾರಿಸುತ್ತ ಇಡೀ ನಾಟಕ ಕಲಿಸುವವರು ಅವರೇ. ಎದುರಿಗೆ ಹೊಗಳಿದವರಲ್ಲ. “ಗಂಗಾ, ಕಣ್ಣೀರು ಬರ್ಲಿ ಬಿಡ್ಲಿ, ಭುಜ ಅಳಬೇಕು. ಹಿಂದ ಕುಂತವರಿಗೆ ಕಣ್ಣು ಕಾಣಂಗಿಲ್ಲ, ಭುಜ ಕಾಣ್ತಾವ” ಎಂದು ಕೋಲಿನಿಂದ ಭುಜ ತಟ್ಟಿ ಕಲಿಸಿದರು. ಆ ಕಾಲದಲ್ಲಿ ಪ್ರತಿಯೊಬ್ಬರ ಪಾರ್ಟನ್ನೂ ನೋಟುಬುಕ್ಕಿನಲ್ಲಿ ಕೈಯಿಂದ ಬರೆದು ಕೊಡುತ್ತಿದ್ದರು. ಈಗ ವಾಟ್ಸಾಪಿನಲ್ಲಿ ದನಿ ತುಂಬಿ ಕಳಿಸುತ್ತಾರೆ. ಹಿಂದೆ ಕಾಗುಣಿತ ತಪ್ಪಾಗುತ್ತಿತ್ತು, ಈಗ ಮಾಸ್ತರರ ಕೆಮ್ಮನ್ನೂ ಸೇರಿಸಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ.

ಹುಲಿಗೆಮ್ಮ ಬಂದದ್ದು ಹೀಗೆ ನಾನು ಎಲ್ಲದರ ಮೇಲೂ ಬೇಸತ್ತಿದ್ದ ಕಾಲದಲ್ಲಿ. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಬಾಗಿಲಲ್ಲಿ ಇಪ್ಪತ್ತೊಂದರ ಒಬ್ಬ ಹುಡುಗಿ. ಊರು ಜವಳಗೇರಾ. ಸಿಂಧನೂರಿನ ಸೀರೆ ಅಂಗಡಿಯಲ್ಲಿ ಕೆಲಸ. ತಾಯಿ ಯಂಕಮ್ಮ ನೆಲ್ಲು ನಾಟಿಯ ಕೂಲಿಗೆ ಹೋಗುವವಳು. ಈ ಹುಡುಗಿ ಮಾತ್ರ ಫೋನು ತೆಗೆಯಲಿಲ್ಲ.

“ನಿಮ್ಮ ನಾಟಕ ಮೂರು ಸಲ ನೋಡೀನ್ರಿ. ನನಗ ಕಲಸ್ರಿ.”

“ಏನ್ ಬರ್ತೈತಿ ನಿನಗ?”

“ಏನೂ ಬರಂಗಿಲ್ರಿ. ಬರೂವಂಗಿದ್ರ ನಿಮ್ಮ ಕಡೆ ಯಾಕ ಬರ್ತಿದ್ದೆ?”

ಸೊಕ್ಕಿನ ಹುಡುಗಿ ಅನ್ನಿಸಿತು. ಆದರೂ ಕೂರಿಸಿಕೊಂಡೆ. ಮರುವಾರ ಯಂಕಮ್ಮನೇ ಬಂದಳು. ಕೆಸರು ಮೆತ್ತಿದ ಕಾಲನ್ನು ಹೊರಗಿನ ನಲ್ಲಿಯಲ್ಲಿ ತೊಳೆದು, ಹೊಸಿಲ ಮೇಲೆ ನಿಂತೇ ಹೇಳಿದಳು: “ನಾಟಕದ ಮಂದಿ ಹ್ಯಾಂಗಿರ್ತಾರ ನನಗ ಗೊತ್ತಿಲ್ರಿ ಅಕ್ಕಾರ. ನೀವಿರ್ತೀರಿ ಅಂತ ಕಳಸಾಕತ್ತೀನಿ.” ನಾನು “ಅಂಜಬ್ಯಾಡವ್ವ” ಎಂದೆ. ಹೇಳುವುದು ಎಷ್ಟು ಸುಲಭ.

ಹುಡುಗಿಗೆ ಕಲಿಸುವುದು ಒಂದು ಶಿಕ್ಷೆಯಾಯಿತು. ‘ಹ’ ಎಂಬ ಅಕ್ಷರವೇ ಅವಳ ಬಾಯಲ್ಲಿ ಇರಲಿಲ್ಲ. “ಹೃದಯ” ಅನ್ನಲು ಹೇಳಿದರೆ “ಉರುದಯ” ಅನ್ನುತ್ತಿದ್ದಳು. ತಿದ್ದಲು ಎರಡು ತಿಂಗಳು ಬೇಕಾಯಿತು. ತಿದ್ದಿದ ಮೇಲೆ ಬೇಡದಲ್ಲೂ ಹಾಕತೊಡಗಿದಳು, “ಹಣ್ಣಾ, ನನ್ನನ್ನು ಕಾಪಾಡು” ಎಂದು ಅಣ್ಣನನ್ನು ಕರೆದಳು. ಅದಕ್ಕಿಂತ ಹೆಚ್ಚು ತಲೆ ತಿಂದದ್ದು ಅವಳ ಪ್ರಶ್ನೆಗಳು.

“ಕುಡಿದು ಬಂದು ಬಡದಾಂವ ಅಂವ. ಕಾಲಿಗೆ ನಾ ಯಾಕ ಬೀಳ್ಬೇಕ್ರಿ?”

“ಪುಸ್ತಕದಾಗ ಐತಿ. ಬೀಳು.”

“ಬರದಾಂವ ಯಾವಾಗರೆ ಬಿದ್ದಾನೇನ್ರಿ?”

ಬೀಳುವಾಗ ಮೊದಲು ಎಡ ಮೊಣಕಾಲು, ಆಮೇಲೆ ಅಂಗೈ, ಕೊನೆಗೆ ಬಲ ಮೊಣಕಾಲು ಊರಬೇಕು. ಇಲ್ಲದಿದ್ದರೆ ನಲವತ್ತಕ್ಕೇ ಮಂಡಿ ಹೋಗುತ್ತದೆ. ಅದನ್ನು ಕಲಿಸುವುದಕ್ಕೆ ಮೊದಲು ಒಂದು ಗಂಟೆ ವಾದ ಮಾಡಬೇಕಾಗುತ್ತಿತ್ತು.

ಗಂಟಲಿನಿಂದ ಮಾತಾಡುತ್ತಿದ್ದಳು. ಅಂಥ ದನಿ ಮೈಕು ಕೆಟ್ಟರೆ ಮೂರನೇ ಸಾಲಿಗೆ ಮುಟ್ಟುವುದಿಲ್ಲ. ಅಂಗಡಿಗೆ ರಜೆ ಇದ್ದ ದಿನ ಅವಳನ್ನು ಜವಳಗೇರಾದ ಹತ್ತಿರ ಕಾಲುವೆಗೆ ಕರೆದುಕೊಂಡು ಹೋದೆ. ಕಾಲುವೆ ತುಂಬಿ ಹರಿಯುತ್ತಿತ್ತು. ಅವಳನ್ನು ಆಚೆ ದಡಕ್ಕೆ ನಿಲ್ಲಿಸಿ ನಾನು ಈಚೆ ದಡದಲ್ಲಿ ನಿಂತೆ. ಕಿರುಚಬಾರದು, ಹೊಟ್ಟೆಯಿಂದ ದನಿ ಎತ್ತಿ ಈಚೆಗೆ ಮುಟ್ಟಿಸಬೇಕು. ಅವಳು ಸೊಸೆ, ನಾನು ಅತ್ತೆ.

“ಅತ್ತೆಮ್ಮಾ! ಈ ಹೊಸಿಲು ದಾಟಿದರೆ ನನಗೆ ಲೋಕದಲ್ಲಿ ಬೇರೆ ಹೊಸಿಲಿಲ್ಲ!”

“ನಡೆ ಆಚೆಗೆ, ದರಿದ್ರದವಳೇ! ನಿನ್ನ ಮುಖ ನೋಡಿದರೆ ಅನ್ನ ಇಳಿಯುವುದಿಲ್ಲ!”

ಏಳೆಂಟು ಸಲ ಹೇಳಿಸಿದೆ. ಒಂಬತ್ತನೆಯ ಸಲಕ್ಕೆ ದನಿ ನೀರಿನ ಮೇಲೆ ಜಾರಿಕೊಂಡು ಬಂದು ನನ್ನ ಎದೆಗೆ ತಾಗಿತು. ಅಷ್ಟರಲ್ಲಿ ನಾಟಿಯ ಹೆಂಗಸರನ್ನು ತುಂಬಿಕೊಂಡು ಹೊರಟಿದ್ದ ಟ್ರ್ಯಾಕ್ಟರ್ ನನ್ನ ಹಿಂದೆ ನಿಂತಿತು. ಒಬ್ಬ ಹಿರಿಯಳು ಇಳಿದು ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದಳು.

“ಏನವ್ವಾ, ಬಂಗಾರದಂಥ ಸೊಸಿನ್ನ ಕಾಲುವಿ ದಾಟಿಸಿ ನಿಲ್ಲಿಸಿ ಬೈಯಾಕತ್ತೀಯಲ್ಲ, ನಿನಗೇನು ಹೆಣ್ಮಕ್ಕಳಿಲ್ಲೇನು?”

“ಯವ್ವಾ, ಇದು ನಾಟಕ.”

“ನನ್ಮುಂದ ನಾಟಕ ಮಾಡಬ್ಯಾಡ!” ಎಂದು ಇನ್ನೂ ಜೋರು ಮಾಡಿದಳು. ಆಚೆ ದಡದಲ್ಲಿ ಹುಲಿಗೆಮ್ಮ ನಗು ತಡೆಯದೆ ಕೂತುಬಿಟ್ಟಳು. ದೂರದಿಂದ ಅದೂ ಅಳುವಂತೆಯೇ ಕಂಡಿತು. ಟ್ರ್ಯಾಕ್ಟರಿನ ಹೆಂಗಸರೆಲ್ಲ ಇಳಿದು ನನಗೆ ಬುದ್ಧಿ ಹೇಳಿ ಹೋದರು. ಬಿಸಿಲಲ್ಲಿ ನಿಂತು ಬೈಸಿಕೊಂಡೆ. ಆದರೆ ಅಂದು ನನಗೆ ಒಂದು ಖಾತ್ರಿಯಾಯಿತು: ಹುಡುಗಿಗೆ ದನಿ ಬಂತು.

ಮೊದಲ ಪಾರ್ಟು ಮಸ್ಕಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಿಕ್ಕಿತು. ಹೆಸರು ಬೇಡ. ಮಾನಪ್ಪ ಮಾಸ್ತರರೇ ಕಲಿಸುವ ನಾಟಕ, ಅತ್ತೆಯ ಪಾರ್ಟು ನನ್ನದು. ಕರಪತ್ರಕ್ಕೆ ‘ಕುಮಾರಿ ಅನುರೂಪಾ’ ಎಂದು ಹಾಕುತ್ತೇನೆಂದರು. “ಹುಲಿಗೆಮ್ಮ ಅಂತನ ಹಾಕ್ರಿ. ಆ ಅನುರೂಪಾ ಯಾರೋ ಬ್ಯಾರೆದಾಕಿ ಅನ್ಕೋತಾರ ನಮ್ಮೂರಾಗ” ಎಂದು ಇವಳು ಪಟ್ಟು ಹಿಡಿದಳು. ಮಾಸ್ತರು ನನ್ನನ್ನು ಗದರಿದರು, ನಾನು ಅವಳನ್ನು ಗದರಿದೆ. ಕರಪತ್ರದಲ್ಲಿ ಹುಲಿಗೆಮ್ಮ ಎಂದೇ ಬಂತು.

ನಾಟಕದ ಹಿಂದಿನ ದಿನ ಮಧ್ಯಾಹ್ನ ಊರ ಚಾವಡಿಯಲ್ಲಿ ತಾಲೀಮು. ಹೀರೊ ಆ ಊರಿನ ಗೊಬ್ಬರದ ಅಂಗಡಿಯ ಸಾಹುಕಾರ. ಇಬ್ಬರ ಹಾಡು ಶುರುವಾಯಿತು. ಹೀರೊ ಬಂದು ಹುಡುಗಿಯ ಕೈ ಹಿಡಿಯಬೇಕು. ಸಾಹುಕಾರ ಕೈ ಹಿಡಿಯಲಿಲ್ಲ, ಸೊಂಟಕ್ಕೆ ಕೈ ಹಾಕಿ ಎಳೆದುಕೊಂಡ. ಹುಲಿಗೆಮ್ಮ ಸರಿದಳು. ಮಾಸ್ತರು ಇನ್ನೊಮ್ಮೆ ಬಾರಿಸಿದರು. ಮತ್ತೆ ಅದೇ. ಮೂರನೆಯ ಸಲ ಹಾಡು ಮುಗಿದರೂ ಕೈ ಬಿಡಲಿಲ್ಲ. ಅವಳು ಕೈಯನ್ನು ಕಿತ್ತೊಗೆದು ನಿಂತಳು.

“ಸಾಹುಕಾರ್ರ, ಪುಸ್ತಕದಾಗ ಕೈ ಹಿಡೀತಾನ ಅಂತ ಐತ್ರಿ. ನಡಾ ಅಂತ ಇಲ್ಲ.”

ಸಾಹುಕಾರ ನಕ್ಕ. “ಪಾರ್ಟ್ ಮಾಡಾಕ ಬಂದಾಕಿಗೆ ಇಷ್ಟ್ಯಾಕ ಬೇ ನಖರಾ? ಮಾಸ್ತರ, ಬ್ಯಾರೆದಾಕಿನ್ನ ಕರಸ್ರಿ.”

ಮಾಸ್ತರು ಪೇಟಿಯ ಕಪ್ಪು ಬಿಳಿ ಮನೆಗಳನ್ನೇ ನೋಡುತ್ತ ಕೂತರು. ಹುಲಿಗೆಮ್ಮ ನನ್ನ ಕಡೆ ತಿರುಗಿದಳು. “ಅಕ್ಕಾರ, ನೀವು ಹೇಳ್ರಿ.”

ನಾನು ಹೇಳಿದೆ. ಏನು ಹೇಳಿದೆನೆಂದು ಇಲ್ಲಿ ಮುಚ್ಚಿಡದೆ ಬರೆಯುತ್ತೇನೆ. “ಹೊಂದ್ಕೊಂಡು ಹೋಗವ್ವ. ನಾಳಿಗೆ ನಾಟಕ ಐತಿ” ಎಂದೆ.

“ನೀವೂ ಹಿಂಗ ಹೊಂದ್ಕೋತ ಬಂದೀರೇನ್ರಿ?” ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಖರೇ ತಿಳಿಯಬೇಕೆಂದೇ ಕೇಳಿದ್ದಳು. ನಾನು ನೆಲ ನೋಡುತ್ತ ನಿಂತೆ. ಚೀಲ ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ಬಸ್ಸಿನ ರಸ್ತೆಗೆ ಹೊರಟುಹೋದಳು. ನಾನು ಅಲ್ಲೇ ಉಳಿದೆ. ಲಿಂಗಸುಗೂರಿನಿಂದ ಬೈಕಿನ ಮೇಲೆ ಇನ್ನೊಬ್ಬಳು ಬಂದಳು, ಪುಸ್ತಕವನ್ನೇ ನೋಡಿರದವಳು. ನಾಟಕ ನಡೆಯಿತು. ನಾನು ಅತ್ತೆಯ ಪಾರ್ಟು ಮಾಡಿ ಚಪ್ಪಾಳೆ ಗಿಟ್ಟಿಸಿದೆ.

ಮಾಸ್ತರುಗಳದೊಂದು ವಾಟ್ಸಾಪ್ ಗುಂಪಿದೆ. ಎರಡೇ ದಿನದಲ್ಲಿ ‘ತಕರಾರಿನ ಹುಡುಗಿ’ ಎಂದು ಎಲ್ಲ ಕಡೆ ಹರಡಿತು. ಹತ್ತು ತಿಂಗಳು ಅವಳಿಗೆ ಒಂದೂ ಕರೆ ಬರಲಿಲ್ಲ. ನನಗೆ ಬರುತ್ತಲೇ ಇದ್ದವು. ಒಂದು ದಿನ ಯಂಕಮ್ಮ ಬಂದಳು. ಜಗಳಕ್ಕೆ ಬಂದಳೆಂದು ನಾನು ಮೊದಲೇ ಮಾತು ಜೋಡಿಸಿಕೊಂಡೆ. ಅವಳು ಜಗಳ ಮಾಡಲಿಲ್ಲ. ಹೊಸಿಲ ಮೇಲೆ ನಿಂತು ಒಂದೇ ಮಾತು ಕೇಳಿದಳು:

“ನೀವು ಅಲ್ಲೇ ಇದ್ರಂತಲ್ರಿ?”

ಅಷ್ಟು ಕೇಳಿ ಹೋದಳು. ಆ ವಾರ ಹಳೆಯದೆಲ್ಲ ಎದ್ದು ಬಂತು: ಎಷ್ಟು ಊರು, ಎಷ್ಟು ಕೈ, ಎಷ್ಟು ಸಲ ನಾನು ನಕ್ಕು ಸರಿದುಕೊಂಡದ್ದು. ಸರಿದುಕೊಳ್ಳುವುದೂ ಕಸುಬಿನ ಒಂದು ಭಾಗ ಎಂದುಕೊಂಡಿದ್ದೆ. ಬೀಳುವುದನ್ನು ಕಲಿಸಿದ ಹಾಗೆ ಅದನ್ನೂ ಕಲಿಸಲು ಹೊರಟಿದ್ದೆ.

ಲಿಂಗಸುಗೂರಿನ ಗೆಳೆಯರ ಬಳಗವೊಂದು ತಾಯಿಯ ಪಾರ್ಟಿಗೆ ಕರೆದಾಗ, ಅಲ್ಲೂ ನಾಟಕ ಕಲಿಸುತ್ತಿದ್ದ ಮಾನಪ್ಪ ಮಾಸ್ತರರಿಗೆ ಹೇಳಿದೆ: “ಹೀರೋಯಿನ್ ಹುಲಿಗೆಮ್ಮ ಆದ್ರ ಬರ್ತೀನಿ. ಇಲ್ಲಾಂದ್ರ ಇಲ್ಲ.”

“ಗಂಗಾ, ಆ ಹುಡುಗಿ ಬಂದ್ರ ಫಜೀತಿ ಆಕ್ಕೈತಿ.”

“ಮಾಸ್ತರ, ಫಜೀತಿ ಆದಾಗೆಲ್ಲ ನೀವು ಪೇಟಿ ನೋಡ್ಕೋತ ಕುಂತೀರಿ. ನಾನೂ ನೆಲಾ ನೋಡ್ಕೋತ ನಿಂತೀನಿ. ಇನ್ನ ಸಾಕು.”

ನನಗೆ ಕಲಿಸಿದ ಗುರುವಿಗೆ ಎದುರಾಡಿದ್ದು ಅದೇ ಮೊದಲು. “ನಿನ್ನ ಜವಾಬ್ದಾರಿ” ಎಂದು ಮಾಸ್ತರು ಫೋನು ಇಟ್ಟರು.

ಹುಲಿಗೆಮ್ಮನನ್ನು ಕೇಳಲು ಸೀರೆ ಅಂಗಡಿಗೆ ಹೋದೆ. ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದಳು. ನನ್ನನ್ನು ನೋಡಿಯೂ ಮುಕ್ಕಾಲು ಗಂಟೆ ನಿಲ್ಲಿಸಿದಳು. ಕೊನೆಗೆ ಸೀರೆ ಮಡಚುತ್ತ ಹೇಳಿದಳು: “ಬರ್ತೀನ್ರಿ. ಆದ್ರ ಮೊದಲನೇ ದಿನ ಎಲ್ಲಾರ ಮುಂದ ಹೇಳೋರು ನೀವ ಆಗ್ಬೇಕು. ನಾ ಹೇಳಿದ್ರ ತಕರಾರು ಆಕ್ಕೈತಿ. ನೀವು ಹೇಳಿದ್ರ ಪದ್ಧತಿ ಆಕ್ಕೈತಿ.”

ಸಿಟ್ಟು ಬಂತು. ನನ್ನ ಅರ್ಧ ವಯಸ್ಸೂ ಆಗದವಳು ನನಗೆ ಕರಾರು ಹಾಕುತ್ತಿದ್ದಾಳೆ. ಆದರೆ ಅವಳು ಹೇಳಿದ್ದರಲ್ಲಿ ತಪ್ಪೂ ಸಿಗಲಿಲ್ಲ.

ಲಿಂಗಸುಗೂರಿನ ಮೊದಲ ತಾಲೀಮಿನಲ್ಲಿ ಹದಿನೈದು ಗಂಡಸರ ಮುಂದೆ ಎದ್ದು ನಿಂತೆ. ಕಾಲುವೆ ದಾಟಿಸಿ ಮಾತಾಡುವ ನನ್ನ ದನಿ ಅಂದು ನಡುಗಿತು. “ಹಾಡಿನಾಗ ಕೈ ಹಿಡಿಯೋದು ಐತಿ. ಕೈ ಅಂದ್ರ ಅಂಗೈ. ಅದರ ಮ್ಯಾಲೆ ಇಲ್ಲ, ಕೆಳಗ ಇಲ್ಲ. ಬಟ್ಟಿ ಬದಲಾಯಿಸೋ ಖೋಲಿಗೆ ಒಳಗಿಂದ ಚಿಲಕ ಇರಬೇಕು. ಇದು ಒಪ್ಪಿಗಿ ಇಲ್ಲಾಂದ್ರ ಈಗ ಹೇಳ್ರಿ, ಮೂರೂ ಮಂದಿ ಹೆಣ್ಮಕ್ಕಳು ಮುಂದಿನ ಬಸ್ಸಿಗೆ ಹೋಗ್ತೀವಿ.”

ಹೀರೊ ಅಮರೇಶನೆಂಬ ಲೈನ್‌ಮನ್. ಕಂಬ ಹತ್ತಿ ಕರೆಂಟು ಹಿಡಿಯುವ ಹುಡುಗ. ಕಿವಿಯವರೆಗೆ ಕೆಂಪಾಗಿ, “ಅಕ್ಕಾರ, ನನಗ ಅಂಗೈ ಹಿಡಿಯಾಕೂ ಅಂಜಿಕಿ ಬರ್ತೈತ್ರಿ. ಅದನ್ನೂ ತಗದ್ರ ಚಲೋ ಆಕ್ಕೈತಿ” ಎಂದ. ಎಲ್ಲರೂ ನಕ್ಕರು. ಮಾಸ್ತರೂ ನಕ್ಕರು. ಇಷ್ಟಕ್ಕೆ ನಾನು ಮೂವತ್ತೈದು ವರ್ಷ ತೆಗೆದುಕೊಂಡಿದ್ದೆ.

ನಾಟಕ ಮಧ್ಯಾಹ್ನ ಮೂರಕ್ಕೆ, ಒಂದು ಮದುವೆ ಮಂಟಪದಲ್ಲಿ. ಎರಡನೆಯ ಅಂಕದಲ್ಲಿ ಅಮರೇಶ ಜನರನ್ನು ನೋಡಿ ಕಂಬದಂತೆ ನಿಂತುಬಿಟ್ಟ. ಮಾತು ಕೊಡುವವನು ಮೂರು ಸಲ ಹೇಳಿಕೊಟ್ಟರೂ ಅವನ ಬಾಯಿ ತೆರೆಯಲಿಲ್ಲ. ಹುಲಿಗೆಮ್ಮ ಅವನ ಹತ್ತಿರ ಹೋಗಿ ಕೇಳತೊಡಗಿದಳು. “ನೀವು ಪಟ್ಟಣಕ್ಕೆ ಹೋಗುವುದು ನಿಜವೇ?” ಅವನು ತಲೆ ಆಡಿಸಿದ. “ನನ್ನನ್ನು ಬಿಟ್ಟು ಹೋಗುವಿರಾ?” ಇಲ್ಲ ಎಂದು ತಲೆ ಆಡಿಸಿದ. ಅವನು ಹೇಳಬೇಕಾದ ಎರಡು ಪುಟದ ಮಾತನ್ನು ಅವಳೇ ಪ್ರಶ್ನೆ ಮಾಡಿ ಮಾಡಿ ಮುಗಿಸಿದಳು. ಅವನಿಗೆ ಉಳಿದದ್ದು ಹೌದು ಇಲ್ಲ ಎನ್ನುವುದಷ್ಟೇ. ಜನರಿಗೆ ಅವನು ದುಃಖದಿಂದ ಮಾತು ಹೊರಡದೆ ನಿಂತಂತೆ ಕಂಡಿತು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ನೋಡುತ್ತ ನಿಂತವಳು ನನ್ನ ಪ್ರವೇಶವನ್ನೇ ಮರೆತೆ. ಮಾಸ್ತರು ಪೇಟಿಯಲ್ಲಿ ಎರಡು ಸಲ ಸೂಚನೆ ಕೊಟ್ಟರೂ ಕೇಳಲಿಲ್ಲ. ಆಗ ರಂಗದ ಮೇಲಿಂದ, ಪುಸ್ತಕದ ಭಾಷೆ ಬಿಟ್ಟು, ಜವಳಗೇರಾದ ದನಿ ಬಂತು: “ಯವ್ವಾ, ಒಳಗ ಏನ್ ಮಾಡಾಕತ್ತಿ? ಬಾ ಹೊರಗ!”

ಜನ ನಕ್ಕರು. ನಾನು ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದೆ. ಆಟ ಮುಗಿದ ಮೇಲೆ ಚಿಲಕ ಹಾಕಿದ ಖೋಲಿಯಲ್ಲಿ ಅವಳನ್ನು ಚೆನ್ನಾಗಿ ಬೈದೆ, ನಾಟಕದ ನಡುವೆ ಮನೆಯ ಮಾತು ಆಡಿದ್ದಕ್ಕೆ. ಮುಖದ ಬಣ್ಣ ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡು, “ಕರದ್ರ ಬಂದ್ರಲ್ರಿ ಅಕ್ಕಾರ, ಅಷ್ಟ ಸಾಕು” ಎಂದಳು.

ಅದೇ ನನ್ನ ಕಡೆಯ ನಾಟಕ. ಕೆಲವು ಊರಿನವರು ನನ್ನನ್ನೂ ತಕರಾರಿನವಳ ಪಟ್ಟಿಗೆ ಸೇರಿಸಿ ಕರೆಯುವುದು ಬಿಟ್ಟರು. ಮಂಡಿಯೂ ಹೋಗಿತ್ತು. ಹುಲಿಗೆಮ್ಮ ಈಗ ಲಿಂಗಸುಗೂರಿನಿಂದ ಮಸ್ಕಿಯವರೆಗೆ ಬಿಡುವಿಲ್ಲದೆ ಪಾರ್ಟು ಮಾಡುತ್ತಾಳೆ. ಕಾಲಿಗೆ ಬೀಳುವ ಜಾಗ ಬಂದರೆ ಈಗಲೂ ಮಾಸ್ತರರ ಜೊತೆ ವಾದಕ್ಕೆ ನಿಲ್ಲುತ್ತಾಳೆ, ಬಿದ್ದರೂ ಮೊದಲು ಬಲ ಮೊಣಕಾಲನ್ನೇ ಊರುತ್ತಾಳೆ. ಹೇಳಿ ಹೇಳಿ ನನಗೆ ಸಾಕಾಗಿದೆ.

ಕಲಿಯಲು ಬರುವ ನಿಮಗೆ ದನಿ, ನಡಿಗೆ, ಭುಜದ ಅಳು ನಾನು ಕಲಿಸುತ್ತೇನೆ. ಮೊದಲ ತಾಲೀಮಿಗೆ ನಿಮ್ಮ ಜೊತೆ ಬಸ್ ಹತ್ತಿ ಬರುತ್ತೇನೆ. ನನಗೆ ಪಾರ್ಟು ಇರುವುದಿಲ್ಲ. ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂಡುತ್ತೇನೆ. ಊರಿನವರು ಬಂದು “ನಿಮ್ಮದು ಯಾವ ಪಾರ್ಟ್‌ರಿ ಅಕ್ಕಾರ?” ಎಂದು ಕೇಳುತ್ತಾರೆ.

“ನೋಡೋದು” ಅನ್ನುತ್ತೇನೆ.